ಟವೆಲ್ ಹಾಕಿದ ಸೀಟು ಮತ್ತು ಅಲ್ಮಾಸಳ ಸ್ಪ್ಯಾನಿಷ್

ನಮ್ಮ ಬಸ್ಸಿನಲ್ಲಿ ಟವೆಲ್ಲಿಗೆ ಇರುವ ಮರ್ಯಾದೆ ಮನುಷ್ಯರಿಗಿಲ್ಲ. ಇಳಕಲ್ಲಿನಿಂದ ಹೊರಟು ಹುನಗುಂದ, ಅಮೀನಗಡ ಮುಟ್ಟಿ ಐಹೊಳೆಗೆ ಹೋಗುವ ಬೆಳಗಿನ ಬಸ್ಸು ಇದು. ಕಿಟಕಿಯಿಂದ ಒಂದು ಟವೆಲ್ಲೋ, ಕರವಸ್ತ್ರವೋ, ಏನೂ ಇಲ್ಲದಿದ್ದರೆ ಒಂದು ಕೊತ್ತಂಬರಿ ಸಿವುಡೋ ಸೀಟಿನ ಮೇಲೆ ಬಿತ್ತೆಂದರೆ ಆ ಸೀಟು ಅದನ್ನು ಹಾಕಿದವರದ್ದು. ಅವರು ಕೆಳಗಿಳಿದು ಚಹಾ ಕುಡಿಯಲಿ, ಯಾರ ಜೊತೆಗಾದರೂ ಜಗಳ ಮುಗಿಸಿಕೊಂಡು ಬರಲಿ, ಅಲ್ಲಿ ಇನ್ನೊಬ್ಬರು ಕೂಡುವ ಹಾಗಿಲ್ಲ. ಸರಕಾರದ ಕಾನೂನಿನಲ್ಲಿ ಎಷ್ಟು ಬೇಕಾದರೂ ಸಂದುಗಳಿವೆ, ಇದರಲ್ಲಿ ಇಲ್ಲ.

ನಾನು ನಾಗರತ್ನಾ, ಐಹೊಳೆಯ ಮಗ್ಗುಲಿನ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಟೀಚರು. ನನ್ನ ಸಿಟ್ಟು ಈ ಬಸ್ಸಿನಲ್ಲಿ ಹೆಸರುವಾಸಿ. ಅದರ ಬಗ್ಗೆ ನನಗೇನೂ ನಾಚಿಕೆಯಿಲ್ಲ, ಏಕೆಂದರೆ ಸಿಟ್ಟು ಇಲ್ಲದವರು ಈ ಬಸ್ಸಿನಲ್ಲಿ ಕೊನೆಯ ತನಕ ನಿಂತೇ ಹೋಗುತ್ತಾರೆ. ಆದರೆ ನಾನು ಹೇಳಹೊರಟದ್ದು ನನ್ನ ಕತೆಯಲ್ಲ, ದಿನಾ ನನ್ನ ಮುಂದಿನ ಸೀಟಿನಲ್ಲಿ ಕೂತು ಬರುವ ಅಲ್ಮಾಸಳ ಕತೆ.

ಅಲ್ಮಾಸ ಇಳಕಲ್ಲಿನ ಸೀರೆ ನೇಯುವ ಮನೆಯ ಮಗಳು. ತಾಯಿ ಮಾಬುಬಿ ಸೀರೆಯ ಮೈಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುವುದರಲ್ಲಿ ಕೈ ಪಳಗಿದವಳು. ಮಗಳಿಗೆ ಮಗ್ಗದ ಮುಂದೆ ಕೂಡುವ ತಾಳ್ಮೆ ಇರಲಿಲ್ಲ, ಮಾತಿನ ಚಟ ಇತ್ತು. ಹುನಗುಂದದ ಕಾಲೇಜಿನಲ್ಲಿ ಇತಿಹಾಸ ಓದಿದಳು, ಐಹೊಳೆಯಲ್ಲಿ ಗೈಡ್ ಆದಳು. ಇಂಗ್ಲಿಷು, ಹಿಂದಿ ಎರಡರಲ್ಲೂ ಗುಡಿಗಳ ಮುಂದೆ ನಿಂತು ಅವಳು ಮಾತಾಡುವುದನ್ನು ನೋಡಿದರೆ ಕಲ್ಲಿನ ಮೂರ್ತಿಗಳೂ ಕಿವಿಗೊಟ್ಟು ಕೇಳುತ್ತಿವೆ ಅನ್ನಿಸುತ್ತದೆ. ಹಾಗಿದ್ದವಳಿಗೆ ಸ್ಪ್ಯಾನಿಷ್ ಕಲಿಯುವ ಹುಚ್ಚು ಹತ್ತಿತು. ಚಳಿಗಾಲದಲ್ಲಿ ಬಾದಾಮಿಯ ಬಂಡೆ ಏರಲು ಸ್ಪೇನಿನವರು ಬರುತ್ತಾರೆ, ಅವರ ಹಿಂದೆ ಗುಡಿ ನೋಡುವವರೂ ಬರುತ್ತಾರೆ, ಅವರ ಭಾಷೆ ಬಲ್ಲ ಗೈಡು ಸುತ್ತಮುತ್ತ ಒಬ್ಬರೂ ಇಲ್ಲ ಅನ್ನುವುದು ಅವಳ ಲೆಕ್ಕ. ಮೊಬೈಲಿನಲ್ಲಿ ಪಾಠಕ್ಕೆ ಸೇರಿದಳು. ಪ್ರವಾಸದ ಕಂಪನಿಯೊಂದಕ್ಕೆ ತಾನೇ ಬರೆದು, ಸ್ಪೇನಿನ ತಂಡವೊಂದನ್ನು ದಕ್ಕಿಸಿಕೊಂಡಳು ಕೂಡ.

ಆ ತಂಡದ ಎದುರಿಗೇ ಕಳೆದ ವರ್ಷ ಅವಳ ಮಾನ ಹೋಯಿತು. ದುರ್ಗದ ಗುಡಿಯ ಮುಂದೆ ಬಾಯಿಪಾಠ ಮಾಡಿದ್ದನ್ನೆಲ್ಲ ಚೆನ್ನಾಗಿಯೇ ಒಪ್ಪಿಸುತ್ತಿದ್ದಳಂತೆ. ನಡುವೆ ಒಬ್ಬ ಮುದುಕ, ಈ ಮೆಟ್ಟಿಲು ಹತ್ತಿ ಒಳಗೆ ಹೋಗಬಹುದೇ ಅಂತ ಕೇಳಿದ. ಹೋಗಬಹುದು ಅನ್ನಬೇಕು, ಅಷ್ಟೇ. ಆ ಒಂದು ಮಾತಿಗೆ ನಾಲಿಗೆ ತಡವರಿಸಿತು. ಆಮೇಲೆ ಬಾಯಿಪಾಠವೂ ಹಾರಿಹೋಗಿ ಸುಮ್ಮನೆ ನಿಂತುಬಿಟ್ಟಳು. ತಂಡದ ಮುಖ್ಯಸ್ಥೆ ಪಿಲಾರ್ ಎಂಬ ಹೆಂಗಸು, ಇರಲಿ ಬಿಡು, ಇಂಗ್ಲಿಷಿನಲ್ಲೇ ಹೇಳು ಅಂದಳಂತೆ. ಅವತ್ತು ಸಂಜೆ ಬಸ್ಸಿನಲ್ಲಿ ಅಲ್ಮಾಸ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಾ ಬಂದಳು. ನನಗೆ ಆ ಮುದುಕನ ಮೇಲೆ ಸಿಟ್ಟು ಬಂದಿತ್ತು, ಅವನದೇನೂ ತಪ್ಪಿರದಿದ್ದರೂ.

ಮುಂದಿನ ಸಲ ದಿಲ್ಲಿಯಿಂದ ಸ್ಪ್ಯಾನಿಷ್ ಬಲ್ಲವರನ್ನು ಕರೆಸುತ್ತೇವೆ ಅಂತ ಕಂಪನಿಯವರು ತಿಳಿಸಿದರು. ಅಲ್ಮಾಸ ಬಿಡಲಿಲ್ಲ, ಇನ್ನೊಂದು ಅವಕಾಶ ಕೊಡಿ ಅಂತ ಬೆನ್ನು ಹತ್ತಿದಳು. ಕೊನೆಗೆ ಒಪ್ಪಿದರು. ಈ ಚಳಿಗಾಲದ ಮೊದಲ ತಂಡ ಅವಳದು, ಅದೇ ಪಿಲಾರ್ ಬರುತ್ತಾಳೆ. ಅವಳು ಹೂಂ ಅಂದರೆ ಮುಂದೆ ಬರುವ ತಂಡಗಳೆಲ್ಲ ಅಲ್ಮಾಸಳವು. ಇಲ್ಲವಾದರೆ ದಿಲ್ಲಿಯವರು ಬರುತ್ತಾರೆ, ಮತ್ತೆ ಕೇಳುವ ಮಾತೇ ಇಲ್ಲ.

ಅಂದಿನಿಂದ ನಮ್ಮ ಬಸ್ಸಿನಲ್ಲಿ ಜಪ ಶುರುವಾಯಿತು. ಬಸ್ಸು ಹತ್ತಿದವಳೇ ಕಣ್ಣು ಮುಚ್ಚಿ ವಟಗುಟ್ಟುತ್ತಿದ್ದಳು. ದಿನಾ ಅಮೀನಗಡದ ಮಾರ್ಕೆಟ್ಟಿಗೆ ಕಾಯಿಪಲ್ಯೆ ಒಯ್ಯುವ ರಂಗವ್ವನಿಗೆ ತಡೆಯಲಾಗಲಿಲ್ಲ.

"ಏನವಾ ಅದು, ದಿನಾ ಮಂತ್ರ ಹೇಳಾಕತ್ತೀಯಲ್ಲ?"

"ಮಂತ್ರ ಅಲ್ಲ ಆಯಿ, ಸ್ಪ್ಯಾನಿಷ್. ಇದರಾಗ ಕೆಲವೊಂದು ಮಾತು ತಲಿ ತಿನ್ನಾಕತ್ತಾವು."

ಅವಳು ಬಿಡಿಸಿ ಹೇಳಿದ್ದು ಹೀಗೆ. ಆ ಭಾಷೆಯಲ್ಲಿ ಕೆಲವು ಕ್ರಿಯಾಪದಗಳು ವರ್ತಮಾನಕಾಲದಲ್ಲಿ ಹೊಟ್ಟೆಯೊಳಗಿನ ಸ್ವರವನ್ನೇ ಬದಲಿಸುತ್ತವೆ. 'ಆಗುವುದು, ಸಾಧ್ಯವಾಗುವುದು' ಅನ್ನಲು ಪೊದೆರ್. ನಮ್ಮಿಂದ ಆಗುತ್ತದೆ ಅಂದರೆ ಪೊದೆಮೋಸ್, ಅಲ್ಲಿಗೆ ಸರಿ. ಆದರೆ ನನ್ನಿಂದ ಆಗುತ್ತದೆ ಅಂದರೆ ಪೊದೊ ಅಲ್ಲ, ಪುವೆದೊ. ನಾನು, ನೀನು, ಅವನು, ಅವಳು, ಅವರು ಬಂದಾಗ ಬದಲಾಗುತ್ತದೆ. ನಾವು, ನೀವು ಬಂದಾಗ ಇದ್ದ ಹಾಗೇ ಇರುತ್ತದೆ. ಹೋಗಲಿ, ಎಲ್ಲವೂ ಹೀಗೇ ಮಾಡುತ್ತವೆಯೇ ಅಂದರೆ ಅದೂ ಇಲ್ಲ. ತಿನ್ನುವುದಕ್ಕೆ ಕೊಮೆರ್ ಅನ್ನುತ್ತಾರೆ, ನೋಡಲು ಪೊದೆರಿನ ತಮ್ಮನ ಹಾಗಿದೆ, ಆದರೆ ಅದು ಬದಲಾಗುವುದಿಲ್ಲ. ಯಾವುದು ಬದಲಾಗುತ್ತದೆ, ಯಾವುದು ಇಲ್ಲ ಅನ್ನುವುದು ಮುಖ ನೋಡಿದರೆ ತಿಳಿಯುವುದಿಲ್ಲ. ಒಂದೊಂದನ್ನೇ ಪರಿಚಯ ಮಾಡಿಕೊಳ್ಳಬೇಕು.

ರಂಗವ್ವ ಎಲ್ಲ ಕೇಳಿ, "ಅದರಾಗೇನ ಹೊಸಾದು? ನಮ್ಮನಿಯಾಂವ ನಾಕ ಮಂದ್ಯಾಗ ಇದ್ದಾಗ ಒಂದ ನಮೂನಿ, ಒಬ್ಬಾಂವ ಇದ್ದಾಗ ಇನ್ನೊಂದ ನಮೂನಿ" ಅಂದಳು. ಬಸ್ಸೆಲ್ಲ ನಕ್ಕಿತು.

ಅಲ್ಮಾಸ ನಗಲಿಲ್ಲ, ರಂಗವ್ವನ ಮುಖವನ್ನೇ ನೋಡುತ್ತಾ ಕೂತಳು. ಮರುದಿನ ಬಂದವಳೇ ಬದಲಾಗುವ ಪದಗಳನ್ನು ಬಸ್ಸಿನ ಜನಕ್ಕೆ ಹಂಚತೊಡಗಿದಳು, ಒಂದೊಂದು ಪದಕ್ಕೆ ಒಂದೊಂದು ಮುಖ ಇದ್ದರೆ ಮರೆಯುವುದಿಲ್ಲ ಅಂತ. ದಾರಿಯುದ್ದಕ್ಕೂ ಕತೆ ಹೇಳುವ ರಂಗವ್ವನಿಗೆ 'ಹೇಳುವುದು' ಸಿಕ್ಕಿತು: ಕೊಂತಾರ್, ಕುವೆಂತೊ. ಪಂಚಾಯತಿ ಆಫೀಸಿನ ಅಶ್ಫಾಕ ಸೀಟಿಗೆ ಬೆನ್ನು ಹಚ್ಚಿದರೆ ಸಾಕು ಗೊರಕೆ, ಅವನಿಗೆ 'ಮಲಗುವುದು': ದೊರ್ಮಿರ್, ದುವೆರ್ಮೊ. ಅಮೀನಗಡದಲ್ಲಿ ವೀಳ್ಯದೆಲೆ ತರುತ್ತೇನೆಂದು ಇಳಿದು, ಬಸ್ಸು ಹೊರಡುವ ಹೊತ್ತಿಗೆ ಓಡಿ ಬರುವ ಸಿದ್ದಲಿಂಗವ್ವನಿಗೆ 'ಮರಳಿ ಬರುವುದು': ಬೊಲ್ಬೆರ್, ಬುವೆಲ್ಬೊ. ಕಂಡಕ್ಟರ್ ಈರಪ್ಪ ಬಸ್ಸು ಎಷ್ಟೇ ತುಂಬಿರಲಿ, "ಆಗತೈತಿ, ಆಗತೈತಿ, ಒಳಗ ಸರೀರಿ" ಅನ್ನುವವನು. ಪುವೆದೊ ಅವನಿಗಲ್ಲದೆ ಇನ್ನಾರಿಗೆ ಹೋಗಬೇಕು?

"ನನಗ ಯಾವುದು?" ಅಂತ ಕೇಳಿದೆ. ಕೇಳಬಾರದಿತ್ತು.

"ಸಿಟ್ಟಾಗಬ್ಯಾಡ್ರಿ ಟೀಚರ್. ರೆನ್ಯಿರ್, ರಿನ್ಯೊ. ಬೈಯೋದು."

ಗೊಬ್ಬರದಂಗಡಿಯ ಪ್ರಭುಲಿಂಗ ಮಾತ್ರ ಬರಿಗೈಯಲ್ಲಿ ಉಳಿದರು. ಅವರದು ಎಡೆಬಿಡದ ಮಾತು, ಆದರೆ ಮಾತಾಡುವುದಕ್ಕಿರುವ ಆಬ್ಲಾರ್ ಬದಲಾಗದ ಪದ. ಅದನ್ನು ಕೇಳಿ ಅವರು ಮೀಸೆ ತಿರುವಿದರು. "ಖರೆ ಐತಿ. ನಾ ಎಂದೂ ಬದಲಾಗೋ ಮನುಷ್ಯಾ ಅಲ್ಲ."

ಹೀಗೆ ಬಸ್ಸೇ ಪಾಠಶಾಲೆಯಾಯಿತು. ಬೆಳಿಗ್ಗೆ ಹತ್ತುವಾಗ ನಮಸ್ಕಾರ ಹೇಳುವ ಬದಲು ತಂತಮ್ಮ ಪದ ಹೇಳಿ ಕೂಡುವುದು ರೂಢಿಯಾಯಿತು. ಒಮ್ಮೆ ರಂಗವ್ವ ಕೇಳಿದಳು, "ಎಲ್ಲಾರಿಗೂ ಕೊಟ್ಟಿ, ನಿಂದ ಯಾವುದವಾ?"

"ಪೆರ್ದೆರ್" ಅಂದಳು ಅಲ್ಮಾಸ. "ಪಿಯೆರ್ದೊ. ಕಳಕೊಳ್ಳೋದು, ಸೋಲೋದು. ಹ್ವಾದ ವರ್ಷ ನಾ ಮಾಡಿದ್ದು ಅದ ಅಲ್ಲನ?"

"ಥೂ, ಬಿಡ್ತು ಅನ್ನು! ಅಂಥಾದ್ಯಾಕ ಇಟ್ಕೊಂಡಿ?" ಅಂತ ರಂಗವ್ವ ನಿಜವಾಗಿಯೂ ನೊಂದುಕೊಂಡಳು. ಅಲ್ಮಾಸ ಮಾತು ಬದಲಿಸಿದಳು. ಸೋತದ್ದನ್ನು ಅವಳಿನ್ನೂ ಮರೆತಿರಲಿಲ್ಲ.

ಇನ್ನೊಂದು ಚಾಳಿಯೂ ಅವಳಿಗೆ ಅಂಟಿತ್ತು. ಬಸ್ಸಿನಲ್ಲಿ ನಮ್ಮ ಪದಗಳನ್ನು ತಪ್ಪಿಲ್ಲದೆ ಹೇಳಿದರೂ, ಗುಡಿಯ ವಿವರ ಹೇಳಲು ಶುರು ಮಾಡಿದರೆ ಎಲ್ಲದಕ್ಕೂ 'ನಾವು'. ನಾವು ನೋಡುತ್ತೇವೆ, ನಾವು ಹತ್ತುತ್ತೇವೆ, ನಾವು ಯೋಚಿಸುತ್ತೇವೆ. 'ನಾವು' ಅಂದರೆ ಸ್ವರ ಬದಲಾಗುವುದಿಲ್ಲವಲ್ಲ, ತಪ್ಪುವ ಭಯವೂ ಇಲ್ಲ.

"ಮಠದ ಅಜ್ಜಾರ ಹಂಗ ಬರೇ ನಾವು ನಾವು ಅಂತಿ. ನಿನಗ 'ನಾ' ಅನ್ನಾಕ ಬರೂದಿಲ್ಲೇನು?" ಅಂತ ರೇಗಿಸಿದೆ.

"'ನಾ' ಅಂದ್ರ ಜಾರತೈತ್ರಿ ಟೀಚರ್" ಅಂದಳು.

ತಂಡ ಬಂತು. ಮೊದಲ ದಿನ ಇಳಕಲ್ಲಿನಲ್ಲಿ ಮಗ್ಗ ನೋಡುವುದು, ಮರುದಿನ ಬಾಡಿಗೆಯ ಟೆಂಪೋದಲ್ಲಿ ಐಹೊಳೆ. ಮಗ್ಗದ ಮನೆಯಲ್ಲಿ 'ನಾವು' ನಡೆಯಿತಂತೆ, ಏಕೆಂದರೆ ಅಲ್ಲಿ ಬಂದವರೆಲ್ಲ ಬಣ್ಣದ ನೂಲು ನೋಡುವುದರಲ್ಲೇ ಮುಳುಗಿದ್ದರು. ಪರೀಕ್ಷೆ ಇರುವುದು ಐಹೊಳೆಯಲ್ಲಿ ಅಂತ ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಬೆಳಿಗ್ಗೆ ಅಲ್ಮಾಸ ನಮ್ಮ ಬಸ್ಸಿಗೆ ಬರುವುದಿಲ್ಲ ಅಂತ ಗೊತ್ತಿದ್ದರೂ ರಂಗವ್ವ ಅವಳ ಸೀಟಿಗೆ ತನ್ನ ಟವೆಲ್ ಹಾಕಿದಳು.

"ಬರೂದಿಲ್ಲಲ್ಲ ಆಕಿ?" ಅಂದೆ.

"ಇರ್ಲಿ ಬಿಡ್ರಿ. ಇವತ್ತ ಆಕಿ ಸೀಟು ಖಾಲಿ ಇರಬಾರದು, ಮಂದಿನೂ ಕೂಡಬಾರದು." ತರಕಾರಿ ಬುಟ್ಟಿ ಇಲ್ಲದೆಯೇ ಬಂದಿದ್ದಳು. ಅಮೀನಗಡದಲ್ಲಿ ಇಳಿಯದೆ ಐಹೊಳೆಯ ತನಕ ಹೋಗಿ ದೂರದಿಂದಾದರೂ ನೋಡಿ ಬರುವುದು ಅವಳ ಯೋಚನೆ.

ಅಮೀನಗಡದಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತದೆ. ಎಂದಿನಂತೆ ಸೀಟಿನ ಮೇಲೆ ಟವೆಲ್ಲು, ಚೀಲ ಬಿಟ್ಟು ಎಲ್ಲರೂ ಇಳಿದೆವು. ಸಿದ್ದಲಿಂಗವ್ವ ಎಲೆಯಂಗಡಿಯ ಕಡೆ ಹೋದಳು. ಅಶ್ಫಾಕ ನಿದ್ದೆ ತಿಳಿಯಲೆಂದು ಚಹಾ ಕುಡಿದ. ನಾನೂ ಒಂದು ಅರ್ಧ ಕಪ್ ಕುಡಿದು ತಿರುಗಿ ಬಂದು ಬಸ್ಸು ಹತ್ತಿದರೆ ಒಳಗೆಲ್ಲ ಕೆಂಪು ಮುಖಗಳು! ನಮ್ಮ ಸೀಟುಗಳಲ್ಲಿ ಟೊಪ್ಪಿಗೆ, ಕ್ಯಾಮೆರಾ ಸಮೇತ ಸ್ಪೇನ್ ದೇಶ ಆರಾಮಾಗಿ ಕೂತಿತ್ತು. ನಮ್ಮ ಟವೆಲ್ಲುಗಳನ್ನೆಲ್ಲ ನೀಟಾಗಿ ಮಡಚಿ ಮೇಲೆ ಸಾಮಾನಿಡುವ ಜಾಗದಲ್ಲಿ ಸಾಲಾಗಿ ಇಟ್ಟಿದ್ದರು. ನನ್ನ ಡಬ್ಬಿಯ ಚೀಲವೂ ಅಲ್ಲೇ ಇತ್ತು.

ನನಗೆ ಮೈಯೆಲ್ಲ ಉರಿಯಿತು. ನನ್ನ ಸೀಟಿನಲ್ಲಿದ್ದ ಬೆಳ್ಳಿಗೂದಲಿನ ಹೆಂಗಸಿನ ಮುಂದೆ ನಿಂತು, "ಏಳ್ರಿ ಮ್ಯಾಲ! ಟವೆಲ್ ಕಾಣಂಗಿಲ್ಲೇನ್ರಿ? ಚೀಲ ಮುಟ್ಟಾಕ ನಿಮಗ ಯಾರ ಹೇಳ್ಯಾರು?" ಅಂತ ಅಚ್ಚ ಕನ್ನಡದಲ್ಲಿ ಬೈದೆ. ಹಿಂದಿನಿಂದ ನಮ್ಮವರೂ ದನಿಗೂಡಿಸಿದರು. ಸ್ಪೇನಿನವರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ಅಲ್ಮಾಸ ಏದುಸಿರು ಬಿಡುತ್ತಾ ಬಸ್ಸು ಹತ್ತಿದಳು. ನಡೆದದ್ದಿಷ್ಟು. ಅವರ ಟೆಂಪೋ ಊರ ಹೊರಗೆ ಕೆಟ್ಟು ನಿಂತಿತ್ತು. ಅಲ್ಮಾಸ ತಂಡವನ್ನು ನಿಲ್ದಾಣಕ್ಕೆ ನಡೆಸಿಕೊಂಡು ಬಂದು, ನಾವು ಈ ಬಸ್ಸಿಗೆ ಹೋಗುತ್ತೇವೆ, ನಾವು ಹತ್ತಿ ಕೂಡುತ್ತೇವೆ ಅಂತ ತನ್ನ 'ನಾವು' ಭಾಷೆಯಲ್ಲಿ ಹೇಳಿ, ತಾನು ಟೆಂಪೋದವನ ಜೊತೆ ಫೋನಿನಲ್ಲಿ ಮಾತಾಡಲು ಕೆಳಗೇ ನಿಂತಿದ್ದಳು. ಅವರು ಹತ್ತಿದರು, ಕೂತರು. ಟವೆಲ್ಲಿನ ಕಾನೂನನ್ನು ಅವರಿಗೆ ಯಾರು ಹೇಳಬೇಕು?

ಬೆಳ್ಳಿಗೂದಲಿನ ಹೆಂಗಸು ಅಲ್ಮಾಸಳ ಕಡೆ ತಿರುಗಿ ಏನೋ ಕೇಳಿದಳು. ಅವಳೇ ಪಿಲಾರ್! ಇವರೆಲ್ಲ ಯಾಕೆ ಸಿಟ್ಟಾಗಿದ್ದಾರೆ ಅಂತ ಕೇಳಿರಬೇಕು. ಅಲ್ಮಾಸ ಬಾಯಿ ತೆರೆದಳು, ಮುಚ್ಚಿದಳು. ಇಲ್ಲಿ 'ನಾವು' ನಡೆಯುವಂತಿರಲಿಲ್ಲ. ಹೇಳಬೇಕಾದದ್ದು ಅವಳ ಬಗ್ಗೆ, ಇವನ ಬಗ್ಗೆ, ಒಬ್ಬೊಬ್ಬರ ಬಗ್ಗೆ. ಹೋದ ವರ್ಷ ಹೀಗೇ ನಿಂತಿರಬೇಕು ಅಂತ ನನಗೆ ಹೊಳೆಯಿತು. ಹೊಳೆದ ಕೂಡಲೇ ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ನನ್ನ ಬಾಯಿಂದಲೇ ಈ ಹುಡುಗಿಯ ಕೆಲಸ ಹೋಯಿತಲ್ಲಪ್ಪಾ ಅಂದುಕೊಂಡೆ.

ಆಗ ಸಿದ್ದಲಿಂಗವ್ವ ಎಲೆಯ ಪುಡಿಕೆ ಹಿಡಿದು ಓಡೋಡಿ ಬಂದು ಬಸ್ಸು ಹತ್ತಿದಳು. "ಬಂದ್ನೆಪಾ, ಬಂದ್ನಿ, ಬಿಡಬ್ಯಾಡ್ರಿ!" ಅನ್ನುತ್ತಾ ನೋಡಿದರೆ ಅವಳ ಸೀಟಿನಲ್ಲಿ ಉದ್ದ ಗಡ್ಡದ ಒಬ್ಬಾತ.

ಅಲ್ಮಾಸ ಅವಳನ್ನು ನೋಡಿದಳು. ತಟ್ಟನೆ ಬಾಯಿಂದ ಬಂತು, "ಎಯ್ಯಾ ಬುವೆಲ್ಬೆ." ಇವಳು ಮರಳಿ ಬರುತ್ತಾಳೆ. "ಸಿಯೆಂಪ್ರೆ ಬುವೆಲ್ಬೆ." ಯಾವಾಗಲೂ ಬರುತ್ತಾಳೆ.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಮಡಚಿಟ್ಟ ಟವೆಲ್ಲುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾ ಹೋದಳು. ಈ ಹಸಿರು ಟವೆಲ್ ಅಶ್ಫಾಕನದು, ಅವನು ಈ ಕಿಟಕಿಗೆ ತಲೆ ಕೊಟ್ಟು ಮಲಗುತ್ತಾನೆ. ಈ ಅಜ್ಜಿ ಕತೆ ಹೇಳುತ್ತಾಳೆ. ಟವೆಲ್ ಇದ್ದರೆ ಮನುಷ್ಯ ಕೂತಂತೆಯೇ ಲೆಕ್ಕ. ದುವೆರ್ಮೆ, ಕುವೆಂತಾ ಅಂತ ನಮ್ಮ ನಮ್ಮ ಪದಗಳು ಬಂದಾಗಲೆಲ್ಲ ನಮಗೇ ತಿಳಿಯುತ್ತಿತ್ತು, ಈಗ ಇಂಥವರ ಸರದಿ ಅಂತ. ಉಳಿದ ಮಾತನ್ನು ಅವಳೇ ಆಮೇಲೆ ಕನ್ನಡದಲ್ಲಿ ಹೇಳಿದಳು. ಕೊನೆಗೆ ಕೈ ನನ್ನ ಕಡೆ ತಿರುಗಿತು. "ಲಾ ಪ್ರೊಫೆಸೊರಾ ರಿನ್ಯೆ."

ಟೀಚರ್ ಬೈಯುತ್ತಾಳೆ! ನನ್ನ ಎದುರಿಗೇ, ಪರದೇಶದವರ ಮುಂದೆ!

ಪಿಲಾರ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಸಿಯೆಂಪ್ರೆ?"

"ಸಿಯೆಂಪ್ರೆ" ಅಂದಳು ಅಲ್ಮಾಸ, ಕಣ್ಣೂ ಮಿಟುಕಿಸದೆ. ಮೊದಲು ಪಿಲಾರ್ ನಕ್ಕಳು, ಆಮೇಲೆ ಬಸ್ಸೇ ನಕ್ಕಿತು. ನನಗೂ ತಡೆಯಲಾಗಲಿಲ್ಲ.

ಸ್ಪೇನಿನವರೆಲ್ಲ ಎದ್ದರು. ಯಾವ ಟವೆಲ್ ಯಾವ ಸೀಟಿನದು ಅಂತ ಕೇಳಿ ಕೇಳಿ, ದೇವರಿಗೆ ವಸ್ತ್ರ ಹೊದಿಸುವ ಹಾಗೆ ಮತ್ತೆ ಹಾಸಿದರು. ಪಿಲಾರ್ ನನ್ನ ಡಬ್ಬಿಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಇಷ್ಟಾದ ಮೇಲೆ ಅವರನ್ನು ನಿಲ್ಲಿಸಿಕೊಂಡು ಹೋಗಲು ನಮ್ಮವರಿಗೇನು ತಲೆ ಕೆಟ್ಟಿತ್ತೇ? ಇಬ್ಬರ ಸೀಟಿನಲ್ಲಿ ಮೂವರಾದೆವು, ಮೂವರದ್ದರಲ್ಲಿ ನಾಲ್ವರಾದೆವು. ಈರಪ್ಪ "ಆಗತೈತಿ, ಆಗತೈತಿ" ಅನ್ನುತ್ತಾ ಗಡ್ಡದವನನ್ನು ಗೇರ್ ಪೆಟ್ಟಿಗೆಯ ಮೇಲೆ ಕೂರಿಸಿದ. ರಂಗವ್ವ ಅಲ್ಮಾಸಳ ಸೀಟಿನ ಮೇಲಿದ್ದ ತನ್ನ ಟವೆಲ್ ತೆಗೆದು ಪಿಲಾರಳ ಕೈಹಿಡಿದು ಅಲ್ಲಿ ಕೂರಿಸಿಕೊಂಡಳು. ಪ್ರಭುಲಿಂಗ ಅಮೀನಗಡದ ಕರದಂಟಿನ ಪೊಟ್ಟಣ ಬಿಚ್ಚಿದರು. ಐಹೊಳೆ ಬರುವ ತನಕ ರಂಗವ್ವ ಕನ್ನಡದಲ್ಲಿ ಕತೆ ಹೇಳಿದಳು, ಅಲ್ಮಾಸ ಕಂಬಿ ಹಿಡಿದು ನಿಂತು ಸ್ಪ್ಯಾನಿಷಿನಲ್ಲಿ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ತಾನು ಯಾವ ಭಾಷೆಯಲ್ಲಿದ್ದೇನೆ ಅನ್ನುವುದೇ ಅವಳಿಗೆ ಮರೆತ ಹಾಗಿತ್ತು.

ಐಹೊಳೆಯಲ್ಲಿ ಇಳಿದ ಮೇಲೆ ನಾನು ಶಾಲೆಯ ದಾರಿ ಹಿಡಿಯಬೇಕಿತ್ತು. ಆದರೆ ರಂಗವ್ವನ ಜೊತೆ ದುರ್ಗದ ಗುಡಿಯ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಅಲ್ಮಾಸ ಶುರು ಮಾಡಿದಳು. ನಡುವೆ ಆ ಗಡ್ಡದವನು ಮೆಟ್ಟಿಲ ಕಡೆ ಕೈ ಮಾಡಿ ಏನೋ ಕೇಳಿದ. ರಂಗವ್ವ ನನ್ನ ಕೈಯನ್ನು ಹಿಂಡಿಬಿಟ್ಟಳು. ಅಲ್ಮಾಸ ರಸ್ತೆಯ ಕಡೆ ನೋಡಿದಳು. ಅಲ್ಲಿ ತಿರುಗಿ ನಿಂತಿದ್ದ ಬಸ್ಸಿನ ಬಾಗಿಲಲ್ಲಿ ಈರಪ್ಪ "ಆಗತೈತಿ, ಬರ್ರಿ" ಅಂತ ಯಾರನ್ನೋ ಕೂಗಿ ಕರೆಯುತ್ತಿದ್ದ. ಅಲ್ಮಾಸಳ ಮುಖದಲ್ಲಿ ನಗು ಬಂತು.

"ಪುವೆದೆ" ಅಂದಳು. ಆಗುತ್ತದೆ, ಹೋಗಬಹುದು.

ಗಡ್ಡದವನು ಮೆಟ್ಟಿಲು ಹತ್ತಿ ಒಳಗೆ ಹೋದ. ನಾನು ಶಾಲೆಗೆ ಓಡಿದೆ.

ಸಂಜೆ ಐಹೊಳೆಯಲ್ಲಿ ನಾವೆಲ್ಲ, ದಿನವಿಡೀ ಅಲ್ಲೇ ಉಳಿದಿದ್ದ ರಂಗವ್ವನೂ, ಬಸ್ಸು ಹತ್ತಿದ ಮೇಲೆ ಅಲ್ಮಾಸ ಒಬ್ಬಳೇ ಬಂದಳು. ಟೆಂಪೋ ರಿಪೇರಿಯಾಗಿ ತಂಡ ಬಾದಾಮಿಗೆ ಹೋಗಿತ್ತು. ಅವಳು ಹತ್ತಿ ಕೂತೊಡನೆ ಎಲ್ಲರೂ ಅವಳ ಕಡೆ ತಿರುಗಿದರು. ಅಶ್ಫಾಕ ಕೂಡ ಎಚ್ಚರವಾಗಿದ್ದ.

"ಏನಂದ್ಳು ಆ ಪಿಲಾರ್?" ಅಂತ ನಾನೇ ಕೇಳಿದೆ.

"ಮುಂದಿನ ತಂಡಾ ಎಲ್ಲಾ ನನ್ನವ ಅಂತ್ರಿ ಟೀಚರ್" ಅಂದಳು ಅಲ್ಮಾಸ. "ಕಂಪನಿಗೆ ನನ್ನ ಮುಂದನ ಫೋನ್ ಮಾಡಿ ಹೇಳಿದ್ರು. ಆದ್ರ ಒಂದ ಮಾತು. ಅವರನ್ನೂ ಅಮೀನಗಡದಿಂದ ಇದ ಬಸ್ಸಿಗೆ ಕರ್ಕೊಂಡ ಬರಬೇಕಂತ."

ಬಸ್ಸಿನಲ್ಲಿ ಒಂದೇ ಗದ್ದಲ. "ಬರ್ಲಿ, ಆದ್ರ ತಮ್ಮ ಟವೆಲ್ ತಾವ ತರ್ಲಿ!" ಅಂತ ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ರಂಗವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಇನ್ನರ ಆ ದರಿದ್ರ ಮಾತು ಬಿಡವಾ. ಕಳಕೊಳ್ಳೋದು ನಿಂದಲ್ಲ" ಅಂದಳು.

"ಬಿಟ್ಟು ಯಾವುದ ತಗೊಳ್ಳಿ ಆಯಿ? ಚಲೋವು ಎಲ್ಲಾ ನಿಮಗ ಹಂಚೇನಿ."

ಈರಪ್ಪ ಟಿಕೆಟ್ ಹರಿಯುತ್ತಾ ಬರುತ್ತಿದ್ದವನು ಅವಳ ಸೀಟಿನ ಹತ್ತಿರ ನಿಂತ. ಕಿಸೆ ಮುಟ್ಟಿಕೊಂಡ, ಕಿವಿಯ ಮೇಲೆ ಕೈಯಾಡಿಸಿದ. ದಿನದಂತೆ ಪೆನ್ನು ಇರಲಿಲ್ಲ.

"ನೋಡ್ರಿ ಅಕ್ಕಾರ, ದಿನಾ ಒಂದ ಪೆನ್ನು ಕಳಕೊಳ್ಳಾಂವ ನಾನು" ಅಂದ. "ಆ ನಿಮ್ಮ ಪಿಯೆರ್ದೊ ನನಗ ಕೊಟ್ಟಬಿಡ್ರಿ, ನನಗ ಅದ ಬರೋಬ್ಬರಿ. ನನ್ನ ಪುವೆದೊ ನೀವ ಇಟ್ಕೊಳ್ರಿ."

ಅಲ್ಮಾಸ ಅವನ ಮುಖ ನೋಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ನಗುತ್ತಿದ್ದಳು.

"ಹೇಳ್ರಿ ಮತ್ತ, ತಗೊಂಡ ಮ್ಯಾಲ ಒಂದ ಸಲ ಹೇಳಬೇಕಲ್ಲ" ಅಂದ ಈರಪ್ಪ.

"ಪುವೆದೊ" ಅಂದಳು ಅಲ್ಮಾಸ. ನನ್ನಿಂದ ಆಗುತ್ತದೆ. 'ನಾವು' ಇಲ್ಲ, ಏನಿಲ್ಲ, ತಾನೊಬ್ಬಳೇ. ಈರಪ್ಪ ಸೀಟಿ ಊದಿದ, ಬಸ್ಸು ಅಮೀನಗಡದ ದಾರಿ ಹಿಡಿಯಿತು.